ಚೀಟಿಯಲ್ಲಿಲ್ಲದ ಲಂಗ

ಹೊಸ ಬಟ್ಟೆಯ ಗಂಜಿವಾಸನೆ ಮೂಗಿಗೆ ತಾಗಿದರೆ ಇಂದಿಗೂ ನನಗೆ ಗುಲಾಬಿ ಚಿಕ್ಕಿ ನೆನಪಾಗುತ್ತಾಳೆ. ನಿಮಗೂ ಹಾಗೆ ಯಾರೋ ಒಬ್ಬರು ಇದ್ದಿರಬೇಕು, ಹಬ್ಬವನ್ನು ಕೈಹಿಡಿದು ಮನೆಯೊಳಗೆ ಕರೆತಂದವರು. ಚಿಕ್ಕಿ ಅಮ್ಮನ ತಂಗಿ. ಕೋಟೇಶ್ವರದ ನಮ್ಮ ಹಂಚಿನ ಮನೆಯಲ್ಲೇ ಇದ್ದಳು. ದಿನಾ ಬುಟ್ಟಿ ಹೊತ್ತು ಕುಂದಾಪುರದ ಮಾರ್ಕೆಟ್ಟಿಗೆ ಮೀನು ಮಾರಲು ಹೋಗುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಅಂಗೈಯಲ್ಲಿ ಬಂಗುಡೆಯ ವಾಸನೆ ಉಳಿದಿರುತ್ತಿತ್ತು. ಅದೇ ಕೈಯಲ್ಲಿ ನನ್ನ ಜಡೆ ಹೆಣೆಯುತ್ತಿದ್ದಳು. ದೀಪಾವಳಿ ಬಂತೆಂದರೆ ಆ ಕೈಗೆ ಹಿಡಿತವೇ ಇರುತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಅವಳ ಕಿವಿ ಬರಿದಾಗಿತ್ತು. ಹಿಂದಿನ ಹಬ್ಬಕ್ಕೆ ಕೈಮೀರಿ ಖರ್ಚು ಮಾಡಿ ಬೆಂಡೋಲೆ ಅಡವಿಟ್ಟಿದ್ದಳು. ತೂತು ಮುಚ್ಚದಿರಲೆಂದು ಪೊರಕೆಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದಳು.

ಅದಕ್ಕೇ ಆ ಸಲ ಅಮ್ಮ ನನ್ನ ಕೈಯಲ್ಲಿ ಚೀಟಿ ಬರೆಸಿದಳು. ಎಣ್ಣೆ, ಬೆಲ್ಲ, ಉದ್ದು, ತಮ್ಮನಿಗೊಂದು ಚಡ್ಡಿ, ನನಗೊಂದು ಲಂಗ. ಉಳಿದ ದುಡ್ಡು ಬೆಂಡೋಲೆ ಬಿಡಿಸಲು. "ಚೀಟಿ ಬಿಟ್ ಒಂದ್ ಕಡ್ಡಿಪೆಟ್ಗಿನೂ ತಕಂಬುದಿಲ್ಲೆ ಅಕ್ಕಾ, ಕಾಣ್," ಎಂದಳು ಚಿಕ್ಕಿ. ನನ್ನನ್ನೂ ಕರೆದುಕೊಂಡು ಕುಂದಾಪುರಕ್ಕೆ ಹೊರಟಳು. ಅಲ್ಲಿ ಬಳೆ ಅಂಗಡಿ ಬಂದಾಗ ನನ್ನ ಕಣ್ಣನ್ನು ಅಂಗೈಯಿಂದ ಮುಚ್ಚಿ, ತಾನೂ ಮುಖ ತಿರುಗಿಸಿಕೊಂಡು ದಾಟಿಸಿದಳು. ಚೀಟಿಯಲ್ಲಿದ್ದುದೆಲ್ಲ ಕೊಂಡು ಮುಗಿದಾಗ ಗೆದ್ದವಳಂತೆ ನಗುತ್ತಿದ್ದಳು.

ಬಸ್ಸಿಗೆ ಹೊರಟವರು ಮಾರ್ಕೆಟ್ಟಿನ ಮುಂದೆ ನಿಂತೆವು. ಚಿಕ್ಕಿಯಂತೆಯೇ ಮೀನು ಮಾರುವ ಸಿಂಗಾರಿ ಇನ್ನೂ ಅಲ್ಲೇ ಕೂತಿದ್ದಳು. ಬುಟ್ಟಿ ಇಡುವ ಜಾಗಕ್ಕಾಗಿ ಚಿಕ್ಕಿಯೊಂದಿಗೆ ಜಗಳವಾಡಿ ನಾಲ್ಕು ತಿಂಗಳಿಂದ ಮಾತು ಬಿಟ್ಟವಳು. ಅವಳ ಗಂಡ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಮಗಳು. ರಜೆಯ ದಿನವೂ ಶಾಲೆಯ ನೀಲಿ ಲಂಗ. ಅವಳ ಕಣ್ಣು ನನ್ನ ಬಟ್ಟೆಯ ಪೊಟ್ಟಣವನ್ನು ಬಿಟ್ಟು ಕದಲಲಿಲ್ಲ. ಚಿಕ್ಕಿ ಮೂರು ಹೆಜ್ಜೆ ಮುಂದೆ ಹೋದಳು, ನಿಂತಳು, ನನ್ನನ್ನು ಎಳೆದುಕೊಂಡು ಬಟ್ಟೆಯಂಗಡಿಗೇ ತಿರುಗಿದಳು.

"ಚಿಕ್ಕೀ, ಇದ್ ಚೀಟ್ಯಗ್ ಇಲ್ಲೆ!" ಎಂದೆ.

"ಹಂಗಾರೆ ಬರಿ, ಮಗಾ."

ಗಲ್ಲಾಪೆಟ್ಟಿಗೆಯ ಮೇಲಿದ್ದ ಪೆನ್ನಿನಿಂದ ಇನ್ನೊಂದು ಲಂಗ ಎಂದು ಬರೆದೆ. ಒಮ್ಮೆ ಸಡಿಲಿದ ಚಿಕ್ಕಿಯ ಕೈ ಮತ್ತೆ ನಿಲ್ಲಲಿಲ್ಲ. ನನಗೂ ಆ ಹುಡುಗಿಗೂ ಬಳೆ, ಒಂದು ಪೊಟ್ಟಣ ಮಿಠಾಯಿ. ಲಂಗ ನೀಡಿದಾಗ ಸಿಂಗಾರಿ ಮುಖ ಗಂಟಿಕ್ಕಿದಳು. "ನಂಗೆಂತಕ್ಕೆ?"

"ಜಗಳ ಬೇರೆ, ಹಬ್ಬ ಬೇರೆ. ಹೆಣ್ಣಿಗ್ ಹಾಕ್, ಮರಾಯ್ತಿ," ಎಂದು ಮಡಿಲಿಗೆ ಹಾಕಿ ಚಿಕ್ಕಿ ಹಿಂತಿರುಗಿ ನೋಡದೆ ನಡೆದಳು.

ಬಸ್ಸಿಗೂ ದುಡ್ಡು ಉಳಿದಿರಲಿಲ್ಲ. ಸಂಜೆ ಬಿಸಿಲಿನಲ್ಲಿ, ತಲೆಯ ಮೇಲೆ ಎಣ್ಣೆ-ಬೆಲ್ಲ ಹೊತ್ತ ಅವಳ ಸೆರಗು ಹಿಡಿದು ಕೋಟೇಶ್ವರದವರೆಗೆ ನಡೆದೆ. ಅಮ್ಮ ಚೀಟಿ ಓದಿದಳು, ತಂಗಿಯ ಕಿವಿ ನೋಡಿದಳು, ಬೈಯಲೆಂದು ಬಾಯಿ ತೆರೆದವಳು ನಕ್ಕುಬಿಟ್ಟಳು.

ಬೆಂಡೋಲೆ ಮರಳಿ ಬರಲೇ ಇಲ್ಲ. ವರ್ಷಗಳ ಮೇಲೆ ಚಿಕ್ಕಿ ತೀರಿಕೊಂಡಾಗ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಸಿಂಗಾರಿ. ಅಮ್ಮನೂ ಹೋದಳು, ಮನೆ ಅಗಲವಾದ ಹೆದ್ದಾರಿಯಡಿ ಸೇರಿತು. ಈಗ ಹಬ್ಬಕ್ಕೆಂದು ತೆಗೆದಿಟ್ಟಷ್ಟರಲ್ಲೇ ನನ್ನ ಖರ್ಚು ಮುಗಿಯುತ್ತದೆ. ಲೆಕ್ಕ ತಪ್ಪಿಸುವವರು ಯಾರೂ ಉಳಿದಿಲ್ಲ.