ಅರ್ಧಕ್ಕೆ ಕತ್ತರಿಸಿದ ದಿಬ್ಬದ ಮಾತು

ಕಳೆದ ಮಾರ್ಚ್ ತಿಂಗಳ ಹನ್ನೊಂದನೆಯ ತಾರೀಖು, ಶನಿವಾರ, ಊಟದ ಹೊತ್ತಿಗೆ ತುಸು ಮುಂಚೆ, ರಣಭೂಮಿ ದರ್ಶನದ ಪ್ರವಾಸಿ ಬಸ್ಸು ದಿಬ್ಬದ ಬುಡದಲ್ಲಿ ನಿಂತಿದ್ದಾಗ, ಒಬ್ಬ ಹೆಂಗಸಿನ ದನಿಯಿಂದ ಆಕೆ ಎಂದೂ ಆಡದ ಸುಳ್ಳನ್ನು ಆಡಿಸಲಾಯಿತು. ಆ ಹೆಂಗಸು ಅದೇ ಬಸ್ಸಿನ ಕಿಟಕಿಯ ಪಕ್ಕದಲ್ಲಿ ತುಟಿ ಬಿಗಿದು ಕುಳಿತಿದ್ದರು. ಅವರ ಮಗ್ಗುಲಲ್ಲಿ, ಆ ಸುಳ್ಳು ಯಾರ ಕಿವಿಗೆ ಬೀಳಬಾರದಾಗಿತ್ತೋ ಅದೇ ಜೀವ ಕುಳಿತಿತ್ತು. ಇದು ಸಣ್ಣ ತಾಂತ್ರಿಕ ದೋಷವೆಂದು ಪ್ರವಾಸ ಸಂಸ್ಥೆಯವರು ಹೇಳಿಕೊಂಡು ತಿರುಗುತ್ತಿರುವುದರಿಂದ, ನಡೆದದ್ದನ್ನು ಮೊದಲಿನಿಂದ ಹೇಳಬೇಕಾಗಿದೆ.

ಬಸ್ಸಿನ ಚಾಲಕರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ದಿಬ್ಬದಮ್ಮ ಎಂದು. ಹರೆಯದಲ್ಲಿ ಅವರು ದೂರವಾಣಿ ಕೇಂದ್ರದಲ್ಲಿ ಕೆಲಸಕ್ಕಿದ್ದವರು. ಒಂದು ಊರಿನ ತಂತಿಯನ್ನು ಇನ್ನೊಂದು ಊರಿಗೆ ಜೋಡಿಸಿ, ಪರರ ಸುಖದುಃಖಗಳಿಗೆ ದಾರಿ ಮಾಡಿಕೊಟ್ಟವರು. ಕೇಂದ್ರಕ್ಕೆ ಯಂತ್ರಗಳು ಬಂದು ಮನುಷ್ಯರು ಬೇಡವಾದಾಗ ಪ್ರವಾಸದ ಮಾರ್ಗದರ್ಶಿಯಾದರು. ಮುರಿದ ಸೇತುವೆ, ನೆಲದೊಳಗಿನ ಸಿಮೆಂಟಿನ ಅಡಗುದಾಣ, ದಿಬ್ಬ, ಕೊನೆಗೆ ಸೈನಿಕರ ಸಮಾಧಿ: ಬೆಳಿಗ್ಗೆ ಹೊರಟ ಬಸ್ಸು ಸಂಜೆಯೊಳಗೆ ಇಷ್ಟನ್ನು ಸುತ್ತಿ ಬರುತ್ತಿತ್ತು. ಬಾವುಟದ ಬದಲು ಒಂದು ಕಪ್ಪು ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದರು. ಯಾರಾದರೂ ಗುಂಪಿನಿಂದ ಜಾರಿದರೆ "ಲೈನಲ್ಲೇ ಇರಿ, ಕಟ್ ಮಾಡ್ಬೇಡಿ" ಎಂದು ಹಳೆಯ ಕಸುಬಿನ ಮಾತಿನಲ್ಲೇ ಗದರುತ್ತಿದ್ದರು. ಜನ ನಗುತ್ತ ಸಾಲಿಗೆ ಬರುತ್ತಿದ್ದರು.

ಆ ದಿಬ್ಬದ ಮೇಲೆ ಯುದ್ಧದಲ್ಲಿ ಮಡಿದವರಲ್ಲಿ ಅವರ ಅಣ್ಣನೂ ಒಬ್ಬ. ಮದುವೆಯಾದ ಹೊಸದರಲ್ಲೇ ಹೊರಟವನು ತಿರುಗಿ ಬರಲಿಲ್ಲ. ಅತ್ತಿಗೆ ತವರಿಗೆ ಹೋಗಲಿಲ್ಲ. ಚಿಕ್ಕ ನಾದಿನಿಯ ಜಡೆ ಹೆಣೆದು, ಓದಿಸಿ, ಅದೇ ಮನೆಯಲ್ಲಿ ಉಳಿದರು. ನಾದಿನಿಯ ತಲೆ ಪೂರ್ತಿ ನರೆತ ಮೇಲೂ ಅತ್ತಿಗೆಯ ಬಾಯಲ್ಲಿ ಅವರು "ಪುಟ್ಟಿ"ಯೇ. ಒಲೆಯ ಮೇಲಿನ ಹಾಲು ಉಕ್ಕಿದರೂ "ಪುಟ್ಟೀ", ಬಾಗಿಲಿಗೆ ಯಾರು ಬಂದರೂ "ಪುಟ್ಟೀ".

ಅಣ್ಣನನ್ನು ಕೊಂದದ್ದು ಶತ್ರುವಿನ ಗುಂಡು ಎಂದೇ ಇಬ್ಬರೂ ಬಹುಕಾಲ ನಂಬಿದ್ದರು. ಒಂದು ದಿನ ಪ್ರವಾಸಕ್ಕೆ ಬಂದ ಮುದುಕರೊಬ್ಬರು ದಿಬ್ಬ ಹತ್ತಲು ಒಪ್ಪದೆ ಬುಡದಲ್ಲೇ ಕುಳಿತುಬಿಟ್ಟರು. ಕಾಲುನೋವೇ ಎಂದು ದಿಬ್ಬದಮ್ಮ ಕೇಳಿದರು.

"ಕಾಲು ಚೆನ್ನಾಗಿದೆಯಮ್ಮ. ಮುಖ ಇಲ್ಲ," ಎಂದರು ಮುದುಕರು. "ನಾನು ಫಿರಂಗಿ ದಳದಲ್ಲಿದ್ದೆ. ಅವತ್ತು ಮಂಜು. ನಮ್ಮೋರು ಮೇಲೆ ಹತ್ತಿದ್ದು ನಮಗೆ ತಿಳೀಲಿಲ್ಲ. ಬಿದ್ದಿದ್ದು ನಮ್ಮ ಗುಂಡೇ ಕಣಮ್ಮ."

ಆ ಸಂಜೆ ದಿಬ್ಬದಮ್ಮ ಮನೆಗೆ ಬಂದು ಅತ್ತಿಗೆಗೆ ಎಲ್ಲವನ್ನೂ ಹೇಳಿದರು. ಅತ್ತಿಗೆ ಅಂದು ಉಣ್ಣಲಿಲ್ಲ. ಮರುದಿನ ಒಗೆದ ಬಟ್ಟೆ ಹರವುತ್ತ ಹೇಳಿದರು:

"ಪುಟ್ಟೀ, ಇನ್ಮೇಲೆ ಬಸ್ಸಿನ ಜನಕ್ಕೆ ಇದನ್ನೇ ಹೇಳು. ಹೋದೋರು ಹೇಗೂ ಹೋದ್ರು. ಯಾರ ಕೈಯಲ್ಲಿ ಹೋದ್ರು ಅನ್ನೋದನ್ನಾದ್ರೂ ನೆಟ್ಟಗೆ ಹೇಳು. ಮಾತು ಕೊಡು ನಂಗೆ."

ನಾದಿನಿ ಮಾತು ಕೊಟ್ಟರು. ಮೊಣಕಾಲು ಸೋಲುವವರೆಗೆ ಅದನ್ನು ಉಳಿಸಿಕೊಂಡರು.

ಹೇಳುವುದಕ್ಕೆ ಅವರದೇ ಒಂದು ಪದ್ಧತಿಯಿತ್ತು. ದಿಬ್ಬದ ಏರು ಕಡಿದು. ಗಟ್ಟಿಗರು ಬೇಗ ಮೇಲೆ ಮುಟ್ಟುತ್ತಾರೆ, ವಯಸ್ಸಾದವರೂ ಮಕ್ಕಳನ್ನು ಎತ್ತಿಕೊಂಡವರೂ ಏದುಸಿರು ಬಿಡುತ್ತ ಹಿಂದೆ ಉಳಿಯುತ್ತಾರೆ. ಆಕೆ ಮೇಲೆ ನಿಂತು, "ಇಲ್ಲಿದ್ದವರನ್ನು ಕೊಂದದ್ದು ಶತ್ರುವಿನ ಫಿರಂಗಿ" ಎಂಬಲ್ಲಿಗೆ ಮಾತು ನಿಲ್ಲಿಸಿ, ಕೊಡೆಯನ್ನು ನೆಲಕ್ಕೂರಿ ಕಾಯುತ್ತಿದ್ದರು. ಕಟ್ಟಕಡೆಯವರು ಬಂದು ಉಸಿರು ತಹಬಂದಿಗೆ ತಂದುಕೊಂಡ ಮೇಲೆ ಮಾತು ಮುಂದುವರಿಯುತ್ತಿತ್ತು: "ಎಂದು ನಾವೆಲ್ಲ ನಂಬಿದ್ದೆವು. ಅದು ನಿಜವಲ್ಲ. ಕೊಂದದ್ದು ನಮ್ಮದೇ ಫಿರಂಗಿ. ನನ್ನ ಅಣ್ಣನೂ ಇಲ್ಲಿದ್ದ." ನಿಜ ಎಲ್ಲರಿಗೂ ಒಟ್ಟಿಗೇ ತಲುಪಬೇಕು, ಕುಂಟುತ್ತ ಬಂದವರಿಗೆ ಅರ್ಧ ಸಿಗಬಾರದು ಎಂಬುದು ಅವರ ಹಟ.

ಈ ಪದ್ಧತಿಯನ್ನು ಹತ್ತಿರದಿಂದ ಕಂಡವನೊಬ್ಬನಿದ್ದ. ಕೆಲಸ ಕಲಿಯಲು ಬಂದ ದಿನಗಳಲ್ಲಿ ಅವರ ಬೆನ್ನಿಗೇ ಅಂಟಿಕೊಂಡು ತಿರುಗುತ್ತಿದ್ದ ಅವನಿಗೆ ಚಾಲಕರು "ಬಾಲ" ಎಂದು ಹೆಸರಿಟ್ಟಿದ್ದರು. "ಅಮ್ಮ ಎಡಕ್ಕೆ ತಿರುಗಿದ್ರೆ ಬಾಲ ಬಲಕ್ಕೆ ಬೀಸುತ್ತೆ ನೋಡ್ರೋ" ಎಂದು ಛೇಡಿಸುತ್ತಿದ್ದರು. ಅತ್ತಿಗೆಯ ಕೈಯಡುಗೆಯನ್ನು ಎಷ್ಟೋ ಸಲ ಉಂಡವನು. ದಿಬ್ಬದ ಕಥೆಯನ್ನು ಅತ್ತಿಗೆಯ ಬಾಯಿಂದಲೇ ಕೇಳಿದವನು. ಇಂದು ಅವನೇ ಸಂಸ್ಥೆಯ ವ್ಯವಸ್ಥಾಪಕ.

ದಿಬ್ಬದಮ್ಮನ ಮೊಣಕಾಲು ಕೈಕೊಟ್ಟಾಗ ಅವನು ಮನೆಗೇ ಬಂದ. "ಅಕ್ಕಾ, ನೀವು ಹತ್ತೋದು ಬೇಡ, ನಿಮ್ಮ ದನಿ ಹತ್ತಲಿ. ರೆಕಾರ್ಡ್ ಮಾಡ್ಕೊಳ್ತೀವಿ, ಜನ ಕಿವಿಗೆ ಹಾಕ್ಕೊಂಡು ಕೇಳ್ತಾರೆ. ಒಂದು ಅಕ್ಷರ ಆಚೆ ಈಚೆ ಆಗಲ್ಲ, ನನ್ನ ಮೇಲೆ ಬಿಡಿ," ಎಂದ. ಅವರು ಬಿಟ್ಟರು.

ಗೋಡೆಗಳಿಗೆಲ್ಲ ಕಂಬಳಿ ಹೊದಿಸಿದ್ದ ಪುಟ್ಟ ಕೋಣೆಯಲ್ಲಿ ಧ್ವನಿಮುದ್ರಣವಾಯಿತು. ಅಲ್ಲಿಯೂ ಅವರು "ಶತ್ರುವಿನ ಫಿರಂಗಿ" ಎಂದವರೇ ಸುಮ್ಮನಾದರು. ಧ್ವನಿಮುದ್ರಣದವನು ಗಾಜಿನಾಚೆಯಿಂದ ಗಾಬರಿಯಾಗಿ ಕೇಳಿದ, "ಯಾಕಮ್ಮ, ಮರೆತುಹೋಯ್ತಾ?"

"ಇರಪ್ಪ, ಹಿಂದಿನವರು ಹತ್ತಿ ಬರ್ಲಿ."

ಆ ಕೋಣೆಯಲ್ಲಿ ಹಿಂದಿನವರೂ ಇರಲಿಲ್ಲ, ಮುಂದಿನವರೂ ಇರಲಿಲ್ಲ. ಬಾಲ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರೂ ನಕ್ಕರು. ಕತ್ತರಿ ಎಲ್ಲಿ ಆಡಿಸಬೇಕೆಂಬುದನ್ನು ಅವನು ಆಗಲೇ ಗುರುತು ಹಾಕಿಕೊಂಡನೋ ಏನೋ.

ಮಾರ್ಚ್ ಹನ್ನೊಂದರಂದು ಹೊಸ ವ್ಯವಸ್ಥೆಯ ಮೊದಲ ಪ್ರವಾಸಕ್ಕೆ ಅವನು ನಾದಿನಿ ಅತ್ತಿಗೆ ಇಬ್ಬರನ್ನೂ ಆಹ್ವಾನಿಸಿದ. ಅತ್ತಿಗೆ ಹಿಂದಿನ ದಿನವೇ ಸೀರೆಗೆ ಇಸ್ತ್ರಿ ಹಾಕಿಸಿಕೊಂಡಿದ್ದರು. ಉಳಿದವರು ದಿಬ್ಬ ಹತ್ತಿದರು. ಇವರಿಬ್ಬರು ಬಸ್ಸಿನಲ್ಲೇ ಕುಳಿತು ಕಿವಿಗೆ ಯಂತ್ರ ಸಿಕ್ಕಿಸಿಕೊಂಡರು. "ಇಲ್ಲಿದ್ದವರನ್ನು ಕೊಂದದ್ದು ಶತ್ರುವಿನ ಫಿರಂಗಿ" ಎಂದಿತು ದನಿ. ದಿಬ್ಬದಮ್ಮ ಕಾದರು. ಅವರ ಮೌನ ಬರಬೇಕಾಗಿದ್ದ ಜಾಗದಲ್ಲಿ ತುತ್ತೂರಿ ಮೊಳಗಿತು. ಬಳಿಕ ಬಂದದ್ದು ಮುಂದಿನ ನಿಲುಗಡೆಯಲ್ಲಿ ಊಟದ ಏರ್ಪಾಡಿದೆ ಎಂಬ ಸೂಚನೆ.

ತಂತಿ ಕಡಿದಿರಬೇಕೆಂದು ಅವರು ಹಳೆಯ ಅಭ್ಯಾಸದಿಂದ ಯಂತ್ರವನ್ನು ತಟ್ಟಿ ನೋಡಿದರು. ಯಂತ್ರ ಸರಿಯಾಗಿಯೇ ಇತ್ತು.

ಅತ್ತಿಗೆ ಕಿವಿಯಿಂದ ಅದನ್ನು ಮೆಲ್ಲಗೆ ಕಿತ್ತು ಮಡಿಲಲ್ಲಿಟ್ಟುಕೊಂಡರು.

"ದನಿ ನಿಂದೇ ತಾನೆ?"

"ನಂದೇ ಅತ್ತಿಗೆ, ಆದ್ರೆ ನಾನು..."

"ಸಾಕು."

ಊಟದ ಮನೆಯ ಮುಂದೆ ಅತ್ತಿಗೆ ಬಸ್ಸಿನಿಂದ ಇಳಿಯಲಿಲ್ಲ. ಮನೆ ತಲುಪಿದ ಮೇಲೆ ಚಹಾ ಮಾಡಿದರು. ಲೋಟವನ್ನು ನಾದಿನಿಯ ಮುಂದಿಟ್ಟು, "ತಗೊಳ್ಳಿ" ಎಂದರು. ಜಡೆ ಹೆಣೆದು, ಎದೆಗಪ್ಪಿ ಬೆಳೆಸಿದ ಹುಡುಗಿಯನ್ನು ಅವರು ಬಹುವಚನದಲ್ಲಿ ಮಾತನಾಡಿಸಿದರು. ದಿಬ್ಬದಮ್ಮ ಆ ಚಹಾ ಕುಡಿಯಲಾರದೆ ಎದ್ದುಹೋದರು.

ಸೋಮವಾರ ಅವರು ಕೋಲೂರಿಕೊಂಡು ಕಚೇರಿಗೆ ಹೋದರು. ಬಾಲ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಮರ್ಯಾದೆಗೆ ಅವನಲ್ಲಿ ಎಂದೂ ಕೊರತೆಯಿಲ್ಲ.

"ಅಕ್ಕಾ, ಊಟಕ್ಕೆ ಮುಂಚೆ ಅಂಥ ಮಾತು ಜನಕ್ಕೆ ಗಂಟಲಲ್ಲಿ ಇಳಿಯಲ್ಲ. ದುಡ್ಡು ಕೊಟ್ಟು ಬಂದೋರು ಎದೆಯುಬ್ಬಿಸ್ಕೊಂಡು ಮನೆಗೆ ಹೋಗ್ಬೇಕು. ಮಾಲೀಕರೂ ಹಾಗೇ ಅಂದ್ರು."

"ಕತ್ತರಿಸಿದ್ದು ಯಾರು?"

"ಮೆಷಿನ್ನು."

"ಮೆಷಿನ್ನಿಗೆ ನಾನು ಎಲ್ಲಿ ನಿಲ್ಲಿಸ್ತೀನಿ ಅಂತ ಹೇಳ್ಕೊಟ್ಟಿದ್ದು ಯಾರಪ್ಪ?"

ಅವನು ಮೇಜಿನ ಮೇಲಿದ್ದ ಪೆನ್ನನ್ನು ಆಚೆಯಿಂದ ಈಚೆಗೆ ಇಟ್ಟ.

"ಹೋಗ್ಲಿ," ಎಂದರು ಅವರು. "ನಮ್ಮನೆಗೆ ಬಾ. ಅತ್ತಿಗೆ ಮುಂದೆ ನಿಂತು, ಇದು ಪುಟ್ಟಿ ಮಾಡಿದ್ದಲ್ಲ, ನಾನು ಮಾಡಿದ್ದು ಅನ್ನು. ಅಷ್ಟು ಸಾಕು."

"ಹಾಗಂದ್ರೆ ಸಂಸ್ಥೆ ತಪ್ಪು ಒಪ್ಕೊಂಡ ಹಾಗಾಗುತ್ತಲ್ಲಕ್ಕ."

ಅವರು ಎದ್ದು ಬಂದರು. ಕಚೇರಿಯ ಬಾಗಿಲ ಹಿಂದೆ ಅವರ ಕಪ್ಪು ಕೊಡೆ ಅಲಂಕಾರಕ್ಕೆಂದು ನೇತಾಡುತ್ತಿತ್ತು. ಅದನ್ನು ಕೊಕ್ಕೆಯಿಂದ ತೆಗೆದು ಕಂಕುಳಲ್ಲಿ ಅವುಚಿಕೊಂಡು ಹೊರಟಾಗ ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಅಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ "ಪುಟ್ಟೀ" ಎಂಬ ಕೂಗು ಕೇಳಿಲ್ಲ. ನಾದಿನಿ ಎಷ್ಟು ವಿವರಿಸಿದರೂ ಅತ್ತಿಗೆಯದು ಒಂದೇ ಮಾತು: "ನನ್ನ ಕಿವೀಲಿ ನಾನೇ ಕೇಳಿದೀನಿ." ಅದನ್ನು ಅಲ್ಲಗಳೆಯುವಂತೆಯೂ ಇಲ್ಲ.

ಪ್ರವಾಸ ಸಂಸ್ಥೆಯ ಮಾಲೀಕರೇ, ವ್ಯವಸ್ಥಾಪಕರೇ, ತಾಂತ್ರಿಕ ದೋಷಕ್ಕಾಗಿ ನೀವು ಸೂಚಿಸಿರುವ ವಿಷಾದವನ್ನು ನೀವೇ ಇಟ್ಟುಕೊಳ್ಳಿ. ಆ ದನಿಯನ್ನು ಈ ಕ್ಷಣವೇ ನಿಮ್ಮ ಯಂತ್ರಗಳಿಂದ ತೆಗೆಯಿರಿ. ಆಮೇಲೆ ಅದೇ ಬಸ್ಸನ್ನು ಆ ಮನೆಯ ಬಾಗಿಲಿಗೆ ತನ್ನಿ, ಇಬ್ಬರನ್ನೂ ಕೂರಿಸಿಕೊಂಡು ದಿಬ್ಬದ ಬುಡಕ್ಕೆ ಕರೆದೊಯ್ಯಿರಿ. ಅಲ್ಲಿ ಆ ಅತ್ತಿಗೆಯ ಎದುರು ನಿಂತು, ನೀವು ಕತ್ತರಿಸಿದ ಮಾತನ್ನು ನಿಮ್ಮ ಬಾಯಿಂದಲೇ ಪೂರ್ತಿ ಹೇಳಿ. ಕತ್ತರಿಸಿದವರು ನೀವೆಂಬುದನ್ನೂ ಹೇಳಿ. ನಡುವೆ ನಿಲ್ಲಿಸುವ ಅಗತ್ಯವಿಲ್ಲ. ಕೇಳಬೇಕಾದವರು ಆಗಲೇ ಬಂದು ಕುಳಿತಿರುತ್ತಾರೆ.