ಮೊದಲ ಗುಟುಕು

ಪಂಪಿನ ಮಾವನ ಮೂಗು ಅವರಿಗಿಂತ ಮೊದಲೇ ನಮ್ಮ ಅಂಗಳಕ್ಕೆ ಬರುತ್ತಿತ್ತು. ಅಷ್ಟುದ್ದ, ತುದಿಯಲ್ಲಿ ಬಾಗಿದ್ದು. ಶೃಂಗೇರಿ ಪೇಟೆಯ ಕೆಳಗಿನ ನಮ್ಮ ಕೇರಿಗೆ ತುಂಗೆಯ ನೀರನ್ನು ಪಂಪು ಮಾಡಿ ಬಿಡುತ್ತಿದ್ದವರು ಅವರು. ಬೆಳಿಗ್ಗೆ ಹಿತ್ತಾಳೆ ಲೋಟದಲ್ಲಿ ನೀರು ಹಿಡಿದು ಮೂಸಿ, ಒಂದು ಗುಟುಕು ಕುಡಿದು, ಆಮೇಲೆಯೇ ವಾಲ್ವು ತಿರುಗಿಸುವುದು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಮೇಲಿನ ಪೇಟೆಯವರು ನಿನ್ನೆ ಎಂತ ಉಂಡ್ರು ಅಂತ ನಂಗೆ ಗೊತ್ತಾಗ್ತದೆ ಮಾರಾಯ್ತಿ. ಇವತ್ತು ಲಾಡ್ಜಿನ ಸೋಪು, ಮದುವೆಮನೆ ಎಣ್ಣೆ," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ನಮ್ಮಲ್ಲೊಂದು ಕೆಟ್ಟ ಪದ್ಧತಿ ಇತ್ತು. ಪಾಯಿಖಾನೆ ಗುಂಡಿ ತುಂಬಿದರೆ ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಕಾದು, ಹಳ್ಳ ಕೆಂಪಾಗಿ ಹರಿಯುವಾಗ ಅದಕ್ಕೆ ಬಿಡುವುದು. ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆಂಬ ಧೈರ್ಯ. ಮಗಳು ಇನ್ನೂ ಕೈಗೂಸಾಗಿದ್ದ ಆ ವರ್ಷ ನಾವೂ ಬಿಟ್ಟೆವು. ನಾತಕ್ಕೆ ಹೇಸಿ ಡಬ್ಬಗಟ್ಟಲೆ ಫಿನಾಯಿಲ್ ಸುರಿದವಳು ನಾನೇ. ನಮ್ಮ ಹಳ್ಳ ಹೊಳೆ ಸೇರುವುದು ಪಂಪುಮನೆಗಿಂತ ಮೇಲೆ ಎಂಬುದು ನನ್ನ ಹಾಳು ತಲೆಗೆ ಹೋಗಲೇ ಇಲ್ಲ.

ಮರುದಿನ ಮಾವ ಮಳೆಯಲ್ಲೇ ಓಡಿಬಂದರು. "ತಂಗಿ, ಇವತ್ತು ನೀರು ಬಿಡೂದಿಲ್ಲ. ಪೈಪಲ್ಲಿ ಉಳಿದದ್ದನ್ನೂ ಕೂಸಿಗೆ ಕೊಡಬೇಡ. ಬಾವಿದು ತಾ."

"ನೀವು ಕುಡಿದ್ರಾ?"

"ಮೂಸಿದ್ರೆ ಬರೀ ಫಿನಾಯಿಲು. ಒಳಗಿನ ಹೊಲಸು ಗುಟುಕು ಹಾಕಿದ ಮೇಲೇ ಗೊತ್ತಾದ್ದು."

ನಮ್ಮದೇ ಎಂದು ಆಗಲೇ ಹೇಳಬೇಕಿತ್ತು, ಹೇಳದೆ ಕೊಡ ಎತ್ತಿಕೊಂಡು ಬಾವಿಗೆ ನಡೆದೆ. ಅಂದಿನಿಂದ ಅವರು ಎದುರಾದಾಗಲೆಲ್ಲ ಕಾಮಾಲೆ ಹತ್ತಿತೇ ಎಂದು ಅವರ ಕಣ್ಣುಗಳನ್ನೇ ನೋಡುತ್ತಿದ್ದೆ. ತಿಂಗಳಾಗುವುದರೊಳಗೆ, ಅಯ್ಯೋ ದೇವರೇ, ಆ ಕಣ್ಣುಗಳು ಅರಿಶಿನದ ಬಣ್ಣಕ್ಕೆ ತಿರುಗಿದವು.

ಶಿವಮೊಗ್ಗದ ಆಸ್ಪತ್ರೆಗೆ ನೋಡಲು ಹೋದೆ. ಮುಖ ಇಳಿದು ಮೂಗೊಂದೇ ಉಳಿದಿತ್ತು. ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಆ ಫಿನಾಯಿಲು ನಿಮ್ಮನೇದು ಅಲ್ವಾ ತಂಗಿ? ನಿಮ್ಮ ಅಂಗಳಕ್ಕೆ ಬಂದಾಗೆಲ್ಲ ಅದೇ ವಾಸನೆ."

ನಾನು ಅತ್ತುಬಿಟ್ಟೆ.

"ಅಳಬೇಡ ಮಾರಾಯ್ತಿ. ಕೂಸು ಕುಡೀಲಿಲ್ವಲ್ಲ?"

ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರೆ ಅಡ್ಡಿಲ್ಲ," ಎಂದು ಕಣ್ಣು ಮುಚ್ಚಿಕೊಂಡರು. ನಾಲ್ಕನೆಯ ದಿನ ತೀರಿಕೊಂಡರು.

ಈಗ ಮಗಳು ನನಗಿಂತ ಎತ್ತರ. ನಮ್ಮ ಮನೆಯಲ್ಲಿ ಫಿನಾಯಿಲ್ ಇಲ್ಲ. ಅವಳು ನೀರಿನ ಲೋಟ ಎತ್ತಿದರೆ ಇಂದಿಗೂ ನನ್ನ ಕೈ ತಾನೇ ಮುಂದೆ ಹೋಗುತ್ತದೆ. "ಎಂತಮ್ಮ ನಿಂದು!" ಎಂದು ಅವಳು ರೇಗಿದರೂ ಲೋಟ ಕಸಿದುಕೊಂಡು ಮೊದಲ ಗುಟುಕು ನಾನೇ ಕುಡಿಯುತ್ತೇನೆ.