ಈರಣ್ಣನವರ ಸಹಿ ಇದ್ದ ನೋಟ್‌ಬುಕ್

ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಕೊಪ್ಪಳ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಒಂಬತ್ತನೇ ತರಗತಿಯ ನಾಲ್ವರು ಹುಡುಗಿಯರ ರೋಬೋಟಿಕ್ಸ್ ತಂಡ ನನ್ನ ಜವಾಬ್ದಾರಿಯಾಗಿತ್ತು. ಜಿಲ್ಲಾ ಸ್ಪರ್ಧೆ ಗೆದ್ದರೆ ರಾಜ್ಯ ಮಟ್ಟ. ರೋಬೋಟಿಗೆ ಎಷ್ಟು ಅಂಕವೋ ಅಷ್ಟೇ ಅಂಕ ಇಂಜಿನಿಯರಿಂಗ್ ನೋಟ್‌ಬುಕ್ಕಿಗೂ ಇತ್ತು. ರೋಬೋಟನ್ನು ಹೇಗೆ ಯೋಚಿಸಿದಿರಿ, ಹೇಗೆ ಕಟ್ಟಿದಿರಿ ಎಂದು ದಿನದಿನವೂ ಬರೆದಿಡುವ ಪುಸ್ತಕ ಅದು.

ತಂಡದ ನಾಯಕಿ ರೇಣುಕಾಳ ತಂದೆ ಈರಣ್ಣ ಗಿಣಿಗೇರಾ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ವಾರದ ರಜೆಯ ದಿನ ನಮ್ಮ ಲ್ಯಾಬಿಗೆ ಬರತೊಡಗಿದರು. ನೋಟ್‌ಬುಕ್ಕಿಗೆಂದು ಕಾರ್ಖಾನೆಯ ಲಾಗ್‌ಬುಕ್ಕಿನಂತೆ ಒಂದು ರಿಜಿಸ್ಟರಿನಲ್ಲಿ ನಾಲ್ಕು ಕಾಲಂ ಹಾಕಿಸಿದರು: ಏನು ಮಾಡಿದೆವು, ಏನು ಕೆಟ್ಟಿತು, ಕಾರಣವೇನು, ಏನು ಬದಲಿಸಿದೆವು. ಕೊನೆಗೆ ತಾರೀಖು, ಬರೆದವರ ಸಹಿ, ಅದರ ಕೆಳಗೆ ನೋಡಿದ್ದಕ್ಕೆ ಈರಣ್ಣನವರ ಸಹಿ.

"ತಪ್ಪಾದ್ರ ಒಂದು ಗೆರಿ ಹೊಡೀರಿ, ಅಳಸಬ್ಯಾಡ್ರಿ. ಮುಂದಿನ ಶಿಫ್ಟಿನಾಂವಗ ಏನಾಗಿತ್ತು ಅಂತ ತಿಳೀಬೇಕು," ಎನ್ನುತ್ತಿದ್ದರು.

ಒಂದು ದಿನ ನಾನು ಮೋಟಾರಿನ ಗೇರ್ ಬದಲಿಸಿ ಎಂದೆ. "ಈರಣ್ಣ ಕಾಕಾನ್ನ ಕೇಳಿ ಹೇಳ್ತೀವ್ರಿ ಸರ್," ಎಂದಳು ಒಬ್ಬ ಹುಡುಗಿ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಈ ಮಾತು! ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಅಂದಿನಿಂದ ಪುಟಪುಟದಲ್ಲೂ ಇದ್ದ ಅವರ ಸಹಿ ನನ್ನ ಕಣ್ಣಿಗೆ ಚುಚ್ಚತೊಡಗಿತು.

ಸ್ಪರ್ಧೆಗೆ ವಾರವಿದ್ದಾಗ ರಿಜಿಸ್ಟರಿಗೆ ಎಣ್ಣೆ ಕಲೆಯಾಗಿದೆ ಎಂಬ ನೆಪ ಹೇಳಿ ಹುಡುಗಿಯರಿಂದ ಹೊಸ ಪುಸ್ತಕದಲ್ಲಿ ಫೇರ್ ಕಾಪಿ ಬರೆಸಿದೆ. ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ, ಎಲ್ಲ ಲ್ಯಾಬ್ ರೆಕಾರ್ಡಿನಂತೆ. ಕೆಟ್ಟಿದ್ದೆಲ್ಲ ಹೋಯಿತು, ಈರಣ್ಣನವರ ಸಹಿಯೂ ಹೋಯಿತು. ಹಳೆಯ ರಿಜಿಸ್ಟರನ್ನು ನನ್ನ ಅಲಮಾರಿಯಲ್ಲಿಟ್ಟು ಕೀಲಿ ಹಾಕಿದೆ. ನನಗೆ ಸಮಾಧಾನವಾಗಿತ್ತು, ಮುಚ್ಚಿಡುವುದೇಕೆ?

ಕೊಪ್ಪಳದ ಸ್ಪರ್ಧೆಯಲ್ಲಿ ರೋಬೋಟ್ ಚೆನ್ನಾಗಿಯೇ ಓಡಿತು. ಆಮೇಲೆ ತೀರ್ಪುಗಾರ್ತಿ ನೋಟ್‌ಬುಕ್ ತಿರುವಿದರು.

"ರೋಬೋಟಿನ ಈ ಕೈಗೆ ಸೈಕಲ್ ಟ್ಯೂಬ್ ಯಾಕ ಸುತ್ತೀರಿ?"

"ಹಿಡಿದ ಡಬ್ಬಿ ಜಾರ್ತಿತ್ರಿ ಮೇಡಂ. ಮೂರು ಸಲ ಬಿತ್ತು," ಎಂದಳು ರೇಣುಕಾ.

"ಅದು ಇದ್ರಾಗ ಎಲ್ಲೈತಿ? ಒಂದು ಸಲನೂ ಕೆಟ್ಟಿಲ್ಲ ಅಂತ ಬರದ್ರ ನೀವs ಮಾಡೀರಿ ಅಂತ ಹೆಂಗ ನಂಬಲಿ?"

ರೇಣುಕಾ ನನ್ನ ಕಡೆ ನೋಡಿದಳು. ಬಳಿಕ ತಲೆ ತಗ್ಗಿಸಿ, "ಬರಿಯೋದು ಮರತೀವ್ರಿ," ಎಂದಳು. ನಾನು ರೋಬೋಟನ್ನು ಪೆಟ್ಟಿಗೆಗೆ ತುಂಬತೊಡಗಿದೆ. ನೋಟ್‌ಬುಕ್ಕಿನ ಅಂಕ ಕೈಕೊಟ್ಟು ರಾಜ್ಯ ಮಟ್ಟ ತಪ್ಪಿತು.

ಮುಂದಿನ ವಾರ ಈರಣ್ಣ ಎಂದಿನಂತೆ ಬಂದರು. ನಾನು ಹಳೆಯ ರಿಜಿಸ್ಟರ್ ತೆಗೆದು ಎಲ್ಲರೆದುರು ಬರೆದೆ. ಏನು ಮಾಡಿದೆವು: ಫೇರ್ ಕಾಪಿ. ಏನು ಕೆಟ್ಟಿತು: ಮಕ್ಕಳ ಅವಕಾಶ. ಕಾರಣ: ಶಿಕ್ಷಕನ ಹೊಟ್ಟೆಕಿಚ್ಚು. ಸಹಿ ಮಾಡಿ ಅವರ ಮುಂದಿಟ್ಟೆ.

ಈರಣ್ಣ ನಿಧಾನಕ್ಕೆ ಓದಿದರು. ಬೈಯಲಿಲ್ಲ. "ನಾಕನೇ ಕಾಲಂ ಖಾಲಿ ಐತಲ್ರಿ ಸರ್. ಬದಲಿ ಏನ್ ಮಾಡಿದ್ರಿ? ಅದನ್ನ ಬರೀದs ನಾ ಸಹಿ ಮಾಡಂಗಿಲ್ರಿ."

ಅಲಮಾರಿಯ ಕೀಲಿಯನ್ನು ರೇಣುಕಾಳ ಕೈಗೆ ಕೊಟ್ಟೆ. ಕೊಟ್ಟಿದ್ದನ್ನು ನಾಲ್ಕನೇ ಕಾಲಂನಲ್ಲಿ ಬರೆದೆ. ನಾನು ನಿವೃತ್ತನಾಗುವವರೆಗೂ ಆ ಕೀಲಿ ತಂಡದ ಹುಡುಗಿಯರ ಬಳಿಯೇ ಇತ್ತು. ತಪ್ಪನ್ನು ಒಪ್ಪಿಕೊಂಡರೆ ಅರ್ಧ ಕೆಲಸವಷ್ಟೇ ಆಗುತ್ತದೆ ಎಂದು ನೌಕರಿಯ ಕೊನೆಯಲ್ಲಿ ಒಬ್ಬ ಫಿಟ್ಟರ್ ನನಗೆ ಕಲಿಸಿದರು.

ಅಂದು ಅವರು ನನ್ನ ಹೆಸರಿನ ಕೆಳಗೆ ಸಹಿ ಹಾಕಿದರು. ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಅದಕ್ಕೂ ಚೂರು ಹೊಟ್ಟೆ ಉರಿಯಿತು.